ಮ್ಯಾಲ ಬೆಂಕಿ, ಕೆಳಗ ಹುಲ್ಲು

ಜುಲೈ ೧೪, ೨೦೨೫. ಸೋಮವಾರ

ಈ ವಹಿ ತಂದು ಆರ ತಿಂಗಳಾತು, ಬರದದ್ದು ನಾಕ ಪಾನ ಅಷ್ಟ. ನಿವೃತ್ತ ಮಾಸ್ತರನ ದಿನಚರಿ ಅಂದ್ರ ಏನಿರತೈತಿ? ಎದ್ದೆ, ಉಂಡೆ, ಮೊಣಕಾಲ ನೋವಾತು. ಇವತ್ತ ಮಾತ್ರ ಬರಿಯೂ ಹಂತಾದ್ದೊಂದ ಆಗೇತಿ.

ಮುಂಜಾನಿ ಪೂರ್ಣಿಮಾ ಬಂದಿದ್ಲು. ಹಳಿಯಾಳದ ಶಾಲಿಯೊಳಗ ನನ್ನ ಕೈಯಾಗ ಖೋಖೋ ಆಡಿದ ಹುಡುಗಿ, ಈಗ ತೇಗಿನಕೊಪ್ಪದ ಶಾಲಿಗೆ ಮುಖ್ಯ ಶಿಕ್ಷಕಿ. ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ತಗದವಳನ, "ಸರ, ನೀವು ಇಲ್ಲ ಅನಬಾರದು ನೋಡ್ರಿ" ಅಂತ ಶುರು ಮಾಡಿದ್ಲು. ಆಗಸ್ಟ್ ಏಳಕ್ಕ ತಾಲೂಕಿನ ಶಾಲಿಗೆಲ್ಲಾ ಒಂದ ಸ್ಪರ್ಧಾ ಇಟ್ಟಾರಂತ. ದೇಶದೇಶದ ಬಾವುಟ, ರಾಷ್ಟ್ರಗೀತಿ, ಅವುಕ್ಕ ಮಂದಿ ಪ್ರೀತಿಲೆ ಕರಿಯೂ ಅಡ್ಡಹೆಸರು, ಆ ಹೆಸರು ಯಾಕ ಬಂತು, ಅರ್ಥ ಏನು. "ಇದೆಲ್ಲಾ ನಿಮ್ಮನ್ನ ಬಿಟ್ರ ಯಾರಿಗೆ ಗೊತ್ತೈತಿ ಸರ?" ಅಂದ್ಲು.

ಖರೇನ ಅಂದ್ಲು. ಕಡ್ಡಿಪೆಟಗಿ ಮ್ಯಾಲಿನ ಚಿತ್ರ, ಅಂಚೆ ಚೀಟಿ, ಪೇಪರಿನ ಕಟಿಂಗು, ಹಿಂಗ ಮೂವತ್ತೈದ ವರ್ಷ ಬಾವುಟ ಕೂಡಿಸಿದಾಂವ ನಾ. ಶಿವಗಂಗಾ ಅದನ್ನ ಅರಿವಿ ಅಂಗಡಿ ಅಂತಾಳ. ಅಂದ್ರ ಅನ್ನಲಿ. ಇವತ್ತ ಅಟ್ಟದ ಮ್ಯಾಲಿಂದ ಅವನ್ನ ತಗಸಿ ಧೂಳ ಝಾಡಿಸಿದಾಕಿನೂ ಆಕಿನ.

ಹೋಗೂಮುಂದ ಪೂರ್ಣಿಮಾ ಇನ್ನೊಂದ ಮಾತ ಅಂದ್ಲು. ಶಾಲಿಗೆ ಪಿ.ಟಿ. ಮಾಸ್ತರಿಲ್ಲ, ಆಗಸ್ಟ್ ಹದಿನೈದನೇ ತಾರೀಕ ಝಂಡಾ ಕಟ್ಟಾಕೂ ನೀವ ಬರ್ರಿ ಅಂತ. ನೋಡೂಣು ಅಂದೆ. ೧೯೯೭ರ ಮ್ಯಾಲೆ ನಾ ಝಂಡಾ ಕಟ್ಟಿಲ್ಲ. ಯಾಕಿಲ್ಲ ಅನ್ನೂದು ಆಕಿಗೆ ಗೊತ್ತಿಲ್ಲ, ಗೊತ್ತಾಗೂ ಕಾರಣಾನೂ ಇಲ್ಲ.

ಜುಲೈ ೧೮, ಶುಕ್ರವಾರ

ತೇಗಿನಕೊಪ್ಪಕ್ಕ ಮೊದಲನೇ ಪಾಠಕ್ಕ ಹೋಗಿ ಬಂದೆ. ಹಳಿಯಾಳಕ್ಕಿಂತ ಮೊದಲ ನಾ ಕಲಿಸಿದ ಶಾಲಿ ಅದು. ಇಪ್ಪತ್ತಾರ ವರ್ಷಾಗಿತ್ತು ಆ ಊರ ಬಸ್ ಹತ್ತಿ. ಶಾಲಿಗೆ ಹೊಸಾ ಬಣ್ಣ ಬಡದಾರ. ಝಂಡಾ ಕಟ್ಟಿ ಮಾತ್ರ ಹಳೇದ, ಕಂಬಾನೂ ಹಳೇದ.

ಒಂದ ಶಾಲಿಗೆ ಒಬ್ಬರ ಅಂತ. ಪೂರ್ಣಿಮಾ ಆರಿಸಿಟ್ಟಾಕಿ ಏಳನೇ ಇಯತ್ತೆ ಹುಡುಗಿ, ಹೆಸರು ಜ್ಯೋತಿ. ಸಿದ್ದಿ ಮಂದಿ ಹುಡುಗಿ. ಗುಂಗರ ಕೂದಲಾ ಬಿಗದು ಎರಡ ಜಡಿ ಹಾಕ್ಯಾಳ, ವಹಿಗೆ ಪೇಪರಿನ ಹೊದಿಕಿ. ನಾ ನಮ್ಮ ತಿರಂಗಾದಿಂದನ ಶುರು ಮಾಡಿದೆ. ತಿರಂಗಾ ಅಂದ್ರ ಮೂರ ಬಣ್ಣದ್ದು ಅಂತ ಅರ್ಥ ಅಂದೆ. ಆಕಿ ಬೆರಳ ಮಡಚಿ ಎಣಿಸಿದ್ಲು.

"ನಾಕ ಆಗತಾವಲ್ಲರಿ ಸರ. ಚಕ್ರದ್ದು ನೀಲಿ."

ಎಷ್ಟ ಮಕ್ಕಳಿಗೆ ಕಲಿಸೇನಿ, ಒಬ್ಬರೂ ಇದನ್ನ ಕೇಳಿರಲಿಲ್ಲ. ಶಾಬಾಸ್ ಅಂದೆ. ಹೆಸರಿಡೂ ಮಂದಿ ಒಂದ ನೋಡಿ ಇಡತಾರ, ಉಳದದ್ದು ಬಿಟ್ಟ ಹೋಗತೈತಿ ಅಂತ ಹೇಳಿದೆ. ಖುಷಿಯಿಂದ, "ಯಾರ ಮಗಳವಾ ನೀನು?" ಅಂತ ಕೇಳಿದೆ.

"ರಾಮಾ ಸಿದ್ದಿ ಅವರ ಮಗಳ್ರಿ."

ಕಿಡಕಿ ಹೊರಗ ಆಡೂ ಹುಡುಗೂರಿಗೆ ಇದು ಕೇಳಿಸಿರಬೇಕು. "ಲೇ, ಉಲ್ಟಾನ ಮಗಳು ಝಂಡಾದ ಪಾಠ ಕಲೀಲಿಕ್ಕತ್ತಾಳಲೇ!" ಅಂತ ಒಬ್ಬ ಒದರಿದ, ಎಲ್ಲಾರೂ ಖೊಳ್ಳ ಅಂತ ನಕ್ಕರು. ಹುಡುಗಿ ತಲಿ ಎತ್ತಲಿಲ್ಲ.

ರಾಮಾನ ಮಗಳು. ಇರಲಿ. ಆದದ್ದು ಇಷ್ಟು: ೧೯೯೭, ಸ್ವಾತಂತ್ರ್ಯದ ಐವತ್ತನೇ ವರ್ಷದ ಝಂಡಾ ವಂದನಾ. ರಾಮಾ ಆಗ ಏಳನೇ ಇಯತ್ತೆ, ನನ್ನ ಸಂಗಡ ಝಂಡಾ ಕಟ್ಟಾಕ ನಿಂತಿದ್ದ. ಹಗ್ಗ ಕೊಡೂಮುಂದ ತುದಿ ಅದಲಬದಲ ಮಾಡಿದ. ಝಂಡಾ ಉಲ್ಟಾ ಬಿಚ್ಚಿಕೊಂಡ್ತು. ನಾ ಬೈದೆ. ಆ ಹೆಸರು ಹತ್ತಿ ಕೂತ್ತು. ಹುಡುಗೂರಾಗ ಹೆಸರಿಡೂದು ಬಿಡೂದು ಇದ್ದದ್ದ. ನನಗೂ ಸೀಟಿ ಮಾಸ್ತರ ಅಂತಿದ್ರು, ನಾ ಏನ ಅತ್ತಕೋತ ಕೂತೇನೇನು?

ಜುಲೈ ೨೨, ಮಂಗಳವಾರ

ಇವತ್ತ ಮೂರ ದೇಶ. ಡೆನ್ಮಾರ್ಕಿನವರು ತಮ್ಮ ಬಾವುಟಕ್ಕ ಡೇನರ ಅರಿವಿ ಅಂತಾರ. ಯುದ್ಧದಾಗ ಸೋಲೂಮುಂದ ಆಕಾಶದಿಂದ ಬಿತ್ತು ಅಂತ ಅವರ ಕತಿ. "ಹಂಗಾದ್ರ ಅದನ್ನ ಯಾರೂ ಕಟ್ಟಲಿಲ್ಲೇನ್ರಿ ಸರ?" ಅಂದ್ಲು ಜ್ಯೋತಿ. ಇಲ್ಲವಾ ಅಂದೆ. ಭಾಳ ಚಲೋ ಆತು ಅವರದು.

ಜಪಾನಿನದು ಸೂರ್ಯನ ದುಂಡು. ಬಿಳೀ ಬಟ್ಟಿ ನಡುವ ಕೆಂಪ ದುಂಡು. ಮ್ಯಾಲ ಕೆಳಗ ಅನ್ನೂದ ಇಲ್ಲ ಅದಕ್ಕ. ಹೆಂಗ ಕಟ್ಟಿದ್ರೂ ಸರಿ.

ಬ್ರಿಟಿಷರದು ಜ್ಯಾಕ್. ಹಡಗಿನ ಮೂತಿಗೆ ಕಟ್ಟೂ ಸಣ್ಣ ಬಾವುಟಕ್ಕ ಜ್ಯಾಕ್ ಅಂತಿದ್ರು ಅಂತ ಕೆಲವರು, ಒಬ್ಬ ರಾಜನ ಹೆಸರಿಂದ ಬಂತು ಅಂತ ಕೆಲವರು. ಅದು ತಲಿಕೆಳಗ ಹಾರಿದ್ರೂ ಅವರ ಅರ್ಧಾ ಮಂದೀಗೆ ತಿಳಿಯೂದಿಲ್ಲಂತ, ಕಣ್ಣ ಕಿರಿದು ಮಾಡಿ ನೋಡಬೇಕು. ಇದನ್ನ ಹೇಳೂಮುಂದ ನನಗ ಯಾಕೋ ಸಿಟ್ಟ ಬಂದಿತ್ತು. ಅಷ್ಟ ದೊಡ್ಡ ರಾಜ್ಯದವರದು ನಡೀತೈತಿ.

ಬಸ್ಸಿನ್ಯಾಗ ಬರೂತನಕ ಇನ್ನೂ ಯಾವ್ಯಾವ ಬಾವುಟ ಉಲ್ಟಾ ಆದ್ರೂ ನಡೀತೈತಿ ಅಂತ ಎಣಿಸಿಕೋತ ಬಂದೆ. ಹದಿನಾಕಾದವು. ಇದೇನ ಸ್ಪರ್ಧಾದಾಗ ಕೇಳೂ ಪ್ರಶ್ನಾ ಅಲ್ಲ.

ಜುಲೈ ೨೫, ಶುಕ್ರವಾರ

ಇವತ್ತ ಅಮೇರಿಕಾದ್ದು. ಅವರ ಬಾವುಟಕ್ಕ ಹಳೇ ಕೀರ್ತಿ ಅಂತ ಒಂದ ಹೆಸರೈತಿ. ಒಬ್ಬ ಹಡಗಿನ ಕ್ಯಾಪ್ಟನ್ ತನ್ನ ಹಡಗಿನ ಬಾವುಟಕ್ಕ ಇಟ್ಟದ್ದದು. ಮುಂದ ದೇಶದೊಳಗ ಜಗಳ ಹತ್ತಿದಾಗ ಅದನ್ನ ವೈರಿಗಳು ಕಸೀಬಾರದು ಅಂತ ಹಾಸಿಗಿ ಹೊದಿಕಿಯೊಳಗ ಇಟ್ಟು ಹೊಲಿದು ಮುಚ್ಚಿಟ್ಟಿದ್ದನಂತ.

ಜ್ಯೋತಿ ಕಣ್ಣ ಅರಳಿಸಿದ್ಲು. "ಕೌದಿಯೊಳಗೇನ್ರಿ? ನಮ್ಮ ಆಜಿ ಕೌದಿ ಹೊಲೀತಾಳ್ರಿ. ಹಳೇ ಅರಿವಿ ಏನ ಇದ್ರೂ ಅದರಾಗ ಹೋಗತೈತಿ. ನಾಕ ಮೂಲಿಗೆ ಅರಿವಿ ಹೂವ ಇಡಲಿಲ್ಲಂದ್ರ ಕೌದಿ ಬತ್ತಲೆ ಅಂತಾಳ."

"ನಿಮ್ಮ ಆಜಿ ಹೆಸರೇನು?" ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ. ದುರ್ಗವ್ವ. ಅವತ್ತ ಝಂಡಾ ಉಲ್ಟಾ ಆದಾಗ ಗೇಟಿನ ಹೊರಗ ನಿಂತಿದ್ಲು ಆಕಿ.

ಆಮ್ಯಾಲೆ ವಹಿ ತೋರಿಸು ಅಂದೆ. ಪಾಪ, ಗೀಟ ಹೊಡದು ನಾಕ ಅಂಕಣ ಮಾಡ್ಯಾಳ: ಬಾವುಟ ಅಥವಾ ಹಾಡು, ಅಡ್ಡಹೆಸರು, ಇಟ್ಟವರು ಯಾರು, ಕಾರಣ. ಅಕ್ಷರ ಮುತ್ತಿನಂಗ. ಫ್ರಾನ್ಸಿನ ರಾಷ್ಟ್ರಗೀತಿ ಸಾಲಿನ್ಯಾಗ "ಬರೆದವನು ಬೇರೆ ಊರಿನವನು, ಮಾರ್ಸೇಲ್ ಊರಿನ ಜನ ಹಾಡುತ್ತ ಬಂದರು, ಅದಕ್ಕೆ ಆ ಊರಿನ ಹೆಸರು" ಅಂತ ಬರದಾಳ. ಎಲ್ಲಾ ಸರಿ. ಕಡೀ ಸಾಲು ಓದಿದೆ.

"ನಮ್ಮ ಮನೆ. ಉಲ್ಟಾ. ಇಟ್ಟವರು: ? ಕಾರಣ: ?"

"ಇದೇನಿದು?" ಅಂದೆ.

"ಎಲ್ಲಾ ಹೆಸರಿಗೂ ಒಂದ ಕತಿ ಇರತೈತಿ ಅಂದ್ರಲ್ಲರಿ ಸರ. ನಮ್ಮ ಪಪ್ಪಾನ್ನ ಕೇಳಿದ್ರ ಹೇಳೂದಿಲ್ಲ. ನೀವು ಮೊದಲ ಇದ ಶಾಲ್ಯಾಗ ಇದ್ರಂತ. ನಿಮಗ ಗೊತ್ತಿರಬೇಕಲ್ಲರಿ?"

"ಸ್ಪರ್ಧಾಕ್ಕ ಬರೂದ ಬಿಟ್ಟು ಇಲ್ಲದ್ದ ಉಸಾಬರಿ ಯಾಕವಾ ನಿನಗ?" ಅಂತ ಗದರಿಸಿದೆ. ದನಿ ಜೋರಾತು. ಬಾಜೂ ವರ್ಗದ ಮಕ್ಕಳೂ ಸುಮ್ಮನಾದ್ರು. ಆಕಿ ವಹಿ ಮುಚ್ಚಿ "ಹೂಂನ್ರಿ" ಅಂದ್ಲು.

ಎಪ್ಪತ್ತನಾಕ ವಯಸ್ಸಾದ್ರೂ ಸೀಟಿ ಮಾಸ್ತರನ ಸೀಟಿ ಹೋಗಿಲ್ಲ ನೋಡು.

ಜುಲೈ ೨೯, ಮಂಗಳವಾರ

ಪಂಚಮಿ. ಶಿವಗಂಗಾ ಶೇಂಗಾದ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು ಎಲ್ಲಾ ಮಾಡಿದ್ಲು. ಬಾಯಾಗ ಇಟ್ಟಕೊಂಡ್ರ ಹಿಟ್ಟ ತಿಂದಂಗಾತು. "ಯಾಕ್ರೀ, ಸಕ್ರಿ ಕಮ್ಮಿ ಆಗೇತೇನು?" ಅಂದ್ಲು. ಇಲ್ಲ ಅಂದೆ.

ಪಾಠಕ್ಕ ಹೋಗಲಿಲ್ಲ.

ಆಗಸ್ಟ್ ೨, ಶನಿವಾರ

ಹಳಿಯಾಳದ ಪ್ಯಾಟ್ಯಾಗ ರಾಮಾ ಭೆಟ್ಟಿ ಆದ. ಭೆಟ್ಟಿ ಆದ ಅನ್ನೂದೇನು, ನಾ ದಾಟಿ ಹೊಂಟಿದ್ದೆ, ಅಂವನ ಕರದ. ಬಿದಿರ ಹೇರಿದ ಲಾರಿ ಮ್ಯಾಲ ನಿಂತು ಹಗ್ಗ ಬಿಗೀಲಿಕ್ಕತ್ತಿದ್ದ. ಧಡಲ್ ಅಂತ ಜಿಗದು ಬಂದು, ರಸ್ತಾದಾಗನ ಕಾಲಿಗೆ ಬಿದ್ದ. ನಲವತ್ತೊಂದ ವಯಸ್ಸಿನ ಗಂಡಸು, ಕಿವಿ ಮ್ಯಾಲಿನ ಕೂದಲಾ ಬೆಳ್ಳಗಾಗ್ಯಾವು.

"ನಮ್ಮ ಜ್ಯೋತಿಗೆ ಕಲಿಸಾಕತ್ತೀರಂತ್ರಿ ಸರ. ಮನಿಗೆ ಬಂದ್ರ ಬರೇ ಝಂಡಾದ್ದ ಮಾತ್ರಿ ಅಕಿದು." ನಕ್ಕ. ಲಾರಿ ಮ್ಯಾಲಿಂದ ಯಾರೋ "ಏ ಉಲ್ಟಾ, ಈ ಕಡೆ ಗಂಟ ಯಾರ ಹಾಕತಾರೋ?" ಅಂದ. "ಬಂದ್ಯೋ" ಅಂದ, ತನ್ನ ಹುಟ್ಟಿದ ಹೆಸರ ಕರದಂಗ. ಅಂವ ಕಟ್ಟಿದ ಹೊರಿ ಅನಮೋಡ ಘಟ್ಟ ಇಳದು ಗೋವಾ ಮುಟ್ಟಿದ್ರೂ ಸಡ್ಲ ಆಗೂದಿಲ್ಲಂತ. ಡ್ರೈವರ್‌ಗೋಳು ಉಲ್ಟಾನ ಗಂಟು ಬೇಕು ಅಂತ ಕೇಳಿ ಕಟ್ಟಸ್ತಾರಂತ. ಹೇಳಿದಾಂವ ಅಲ್ಲೇ ಪಾನ ಅಂಗಡಿಯವ.

ಹೊಂಡೂಮುಂದ ರಾಮಾ ನೆಲಾ ನೋಡಿಕೋತ ಅಂದ: "ಅವತ್ತ ನಾ ಇನ್ನೊಂದ ಸಲ ಹೇಳಬೇಕಿತ್ರಿ ಸರ. ಹೇಳಲಿಲ್ಲ. ನನ್ನಿಂದ ನಿಮ್ಮ ಮರ್ಯಾದಿ ಹೋತು."

ನಾ ಏನ ಅಂದೆ ಅಂತ ಇಲ್ಲಿ ಬರದಿಡತೇನಿ, ಯಾಕಂದ್ರ ಯಾರಿಗೂ ಹೇಳಾಕಾಗೂದಿಲ್ಲ. ಅಂವನ ಬೆನ್ನ ಮ್ಯಾಲೆ ಕೈ ಇಟ್ಟು "ಹೋಗಲಿ ಬಿಡೋ, ಹಳೇ ಮಾತು" ಅಂದೆ.

ನಾ ಅಂವಗ ಮಾಫ್ ಮಾಡಿ ಬಂದೆ!

ಆಗಸ್ಟ್ ೭, ಗುರುವಾರ

ಹಳಿಯಾಳದಾಗ ಸ್ಪರ್ಧಾ ಆತು. ಜ್ಯೋತಿ ಎರಡನೇ ನಂಬರ್.

ಕಡೀ ಪ್ರಶ್ನಾದತನಕ ಆಕಿನ ಮುಂದಿದ್ಲು. ಇಂಡೋನೇಷಿಯಾ ಅಂದಕೂಡಲೇ "ಕೆಂಪು ಬಿಳಿ" ಅಂದ್ಲು. ಫ್ರಾನ್ಸಿನ ಹಾಡಿನ ಕತಿ ಪೂರಾ ಹೇಳಿ ಚಪ್ಪಾಳಿ ತಗೊಂಡ್ಲು. ಕಡೀಕ ಕೇಳಿದ್ದು ಫಿಲಿಪ್ಪೀನ್ಸಿನದು. ಮೂರು ನಕ್ಷತ್ರ ಒಂದು ಸೂರ್ಯ ಅನ್ನೂ ಅಡ್ಡಹೆಸರಿನ ಆ ಬಾವುಟವನ್ನ ಯುದ್ಧ ಬಂದಾಗ ಹೆಂಗ ಹಾರಸ್ತಾರ? ನಾನ ಕಲಿಸಿದ್ದು. ಜಗತ್ತಿನ್ಯಾಗ ಅದೊಂದ ದೇಶ, ಬೇಕಂತಲೇ ಉಲ್ಟಾ ಕಟ್ಟತೈತಿ, ಕೆಂಪು ಮ್ಯಾಲ ಮಾಡಿ. ಮೂರ ಸಲ ಹೇಳಿಸಿದ್ದೆ ಆಕಿ ಕಡಿಂದ.

ಹುಡುಗಿ ಬಾಯಿ ತಗದ್ಲು. ಹಿಂದ ಕುಂತಿದ್ದ ನಮ್ಮ ಶಾಲಿ ಹುಡುಗೂರು ಆಗಲೇ ಮುಸಿಮುಸಿ ನಗಲಿಕ್ಕತ್ತಿದ್ರು. ಬಾಯಿ ಮುಚ್ಚಿದ್ಲು. ಗಂಟಿ ಹೊಡದ್ರು. ಮುಂಡಗೋಡದಿಂದ ಬದಲಿಯಾಗಿ ಬಂದ ಯಾವನೋ ಮಾಸ್ತರನ ಶಿಷ್ಯ ಹೇಳಿ ಗೆದ್ದ.

ಹೊರಗ ನೀರಿನ ಟಾಕಿ ಹಂತೇಲಿ ಹಿಡದು ಕೇಳಿದೆ. "ಮರತಿಯೇನವಾ?"

"ಇಲ್ರಿ ಸರ. ಗೊತ್ತಿತ್ತು. ಆ ಶಬ್ದ ಹೇಳಾಕಾಗಲಿಲ್ಲ."

"ತಲಿಕೆಳಗ ಅನಬಹುದಿತ್ತಲ್ಲವಾ ಹುಚ್ಚಿ."

"ನಾ ತಲಿಕೆಳಗ ಅಂದ್ರೂ ಅವರಿಗೆ ಕೇಳೂದು ಅದ ರೀ ಸರ."

ಅಳಲಿಲ್ಲ. ಅತ್ತಿದ್ರ ಚಲೋ ಆಗತಿತ್ತು. ಬಹುಮಾನದ ಕಂಪಾಸ್ ಪೆಟಗಿ ಎದಿಗವಚಿಕೊಂಡು ನಿಂತ್ಲು. "ಮುಂದಿನ ವರ್ಷ ಹಳಿಯಾಳದ ಶಾಲಿಗೆ ಬರಬೇಕಂತ ಇತ್ರಿ. ಅಲ್ಲಿ ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ಇವತ್ತ ಇಲ್ಲೀ ಮಂದೀಗೂ ಗೊತ್ತಾತು" ಅಂದ್ಲು.

ಆಗಸ್ಟ್ ೮, ಶುಕ್ರವಾರ

ಉಣ್ಣಲಿಲ್ಲ. ಶಿವಗಂಗಾ ಬೈದ್ಲು.

ಆಗಸ್ಟ್ ೧೦, ರವಿವಾರ

ಹೋದ ತಿಂಗಳ ಹದಿನೆಂಟನೇ ತಾರೀಕ ನಾ ಇದ ವಹಿಯೊಳಗ ಬರದದ್ದು ಸುಳ್ಳ. ಇದನ್ನ ನಾ ಒಬ್ಬನ ಓದೂದು. ಹಂತಾದ್ರಾಗೂ ಸುಳ್ಳ ಬರದೇನಲ್ಲ, ನನ್ನ ಕೈಗಿಷ್ಟು ಬೆಂಕಿ ಹಾಕ!

ಖರೇ ಹೇಳತೇನಿ. ೧೫-೮-೧೯೯೭, ಅವತ್ತೂ ಶುಕ್ರವಾರನ. ಖಾದಿಯ ಹೊಸಾ ಝಂಡಾ ತರಿಸಿದ್ವಿ. ನಾ ಮಕ್ಕಳಿಗೆ ಒಂದ ಸೂತ್ರ ಕಲಿಸಿದ್ದೆ: ಮ್ಯಾಲ ಬೆಂಕಿ, ನಡುವ ಹಾಲು, ಕೆಳಗ ಹುಲ್ಲು. ಝಂಡಾ ಕಟ್ಟೂಮುಂದ ಇದನ್ನ ಅನಕೋತ ಕಟ್ಟಬೇಕು, ತಪ್ಪೂದ ಇಲ್ಲ. ರಾಮಾ ಇದನ್ನ ಎಲ್ಲಾರಗಿಂತ ಮೊದಲ ಬಾಯಿಪಾಠ ಮಾಡಿದಾಂವ. ಅದಕ್ಕ ಅವನ್ನ ಸಂಗಡ ನಿಲ್ಲಿಸಿಕೊಂಡಿದ್ದೆ.

ಅತಿಥಿಗಳ ಜೀಪ ಬಂತು ಅಂತ ಗದ್ಲ ಎದ್ದಿತ್ತು. ನಾ ಜೀಪ ನೋಡಿಕೋತ, ಹೂವ ತುಂಬಿಕೋತ, ಬಾಯಿಲೆ ಬ್ಯಾರೆಯವರನ್ನ ಬೈಕೋತ ಗಂಟ ಹಾಕಿದೆ. ನಾನ ಹಾಕಿದೆ. ರಾಮಾ ಹಗ್ಗ ಬರೇ ಹಿಡಕೊಂಡಿದ್ದ. ಮೆಲ್ಲಕ ಅಂದ: "ಸರ, ಹುಲ್ಲು ಮ್ಯಾಲ ಬಂದೈತ್ರಿ."

"ಬಾಯಿ ಮುಚ್ಚಲೇ, ನನಗ ಕಲಸ್ತೀಯೇನು?" ಅಂದೆ.

ಝಂಡಾ ಏರಿತು. ಅತಿಥಿ ಹಗ್ಗ ಎಳದ್ರು, ಹೂವ ಉದರಿದವು, ಹಸರ ಬಣ್ಣ ಮ್ಯಾಲ ಬಂತು. ನಾ ತಿರುಗಿ ಆ ಹುಡುಗನ ಕಪಾಳಕ್ಕ ಹೊಡದೆ. "ಉಲ್ಟಾ ಖೋಪಡಿ!" ಅಂದೆ. ಮೈಕ್ ಚಾಲೂ ಇತ್ತು. ನಾಕೂ ದಿಕ್ಕಿನ ಭೋಂಗಾದಾಗ ಆ ಮಾತು ಹೋತು, ಗದ್ದಿಯಾಗ ಕಸಾ ತಗಿಯವರಿಗೂ ಕೇಳಿಸ್ತು. ಸಂಜೀ ಆಗೂದ್ರಾಗ ಖೋಪಡಿ ಬಿಟ್ಟು ಉಲ್ಟಾ ಅಷ್ಟ ಉಳದಿತ್ತು.

ರಾಮಾ ಮರುದಿನದಿಂದ ಶಾಲಿಗೆ ಬರಲಿಲ್ಲ. ಕರ್ಯಾಕ ಹೋಗಬೇಕಿತ್ತು ನಾ. ಹೋದ್ರ ಎಲ್ಲಿ ಖರೇ ಮಾತು ಬರತೈತೋ ಅಂತ ಹೋಗಲಿಲ್ಲ. ಎರಡ ವರ್ಷಕ್ಕ ಬದಲಿ ತಗೊಂಡು ಹಳಿಯಾಳಕ್ಕ ಬಂದೆ.

ಇನ್ನೊಂದ ಸಲ ಹೇಳಬೇಕಿತ್ತಂತ ಅಂವ. ಇಪ್ಪತ್ತೆಂಟ ವರ್ಷ ಅದನ್ನ ಹೊತ್ತಾನ. ಲೇ ರಾಮಾ, ಒಂದ ಸಲ ಹೇಳಿದ್ದ ಸಾಕಿತ್ತಲ್ಲೋ, ಕೇಳೂ ಕಿವಿ ಇರಬೇಕಿತ್ತು ನನಗ.

ಶಿವಗಂಗಾಗ ಓದಿ ಹೇಳಿದೆ. ಕಣ್ಣೀರ ಒರಸಿಕೊಂಡು, "ನನಗ್ಯಾಕ ಹೇಳತೀರಿ? ನಂದೇನ ಹೆಸರ ಕೆಟ್ಟೈತಿ?" ಅಂದ್ಲು. ಎದ್ದು ಒಳಗ ಹೋದ್ಲು.

ಆಗಸ್ಟ್ ೧೩, ಬುಧವಾರ

ಪೂರ್ಣಿಮಾ ಫೋನ್ ಮಾಡಿದ್ಲು. ಜ್ಯೋತಿ ಸ್ಪರ್ಧಾ ಆದಾಗಿಂದ ಶಾಲಿಗೆ ಬಂದಿಲ್ಲ. ದಾಖಲಾ ತಗದು ಶಾಲಿ ಬಿಡಸ್ತೇವಿ ಅಂತ ಮನಿಯವರು ಅಂದಾರಂತ.

ಇದ್ದ ಅರಿವಿ ಮ್ಯಾಲನ ಬಸ್ ಹತ್ತಿದೆ. ಊರ ಹೊರಗ, ಅಡವಿ ಅಂಚಿಗೆ ಅವರ ಮನಿ. ರಾಮಾ ಲಾರಿ ಮ್ಯಾಲ ಹೋಗಿದ್ದ. ದುರ್ಗವ್ವ ಕಟ್ಟಿ ಮ್ಯಾಲ ಕೌದಿ ಹರವಿಕೊಂಡು ಹೊಲೀಲಿಕ್ಕತ್ತಿದ್ಲು. ಕಣ್ಣ ಮಂಜಾಗ್ಯಾವು, ಆದ್ರೂ ದನಿಲೆ ಗುರತ ಹಿಡದ್ಲು. ಕುಂಡ್ರಿ ಅಂದ್ಲು. ಜ್ಯೋತಿ ಚಹಾ ತಂದಿಟ್ಟು ಬಾಗಲದ ಹಿಂದ ನಿಂತ್ಲು.

"ಮಾಸ್ತರ, ನನ್ನ ಮಗನ ಕಪಾಳ ಎರಡ ದಿನಕ್ಕ ಇಳೀತು. ಅದನ್ನ ನಾ ಯಾವಾಗೋ ಮರತೇನಿ" ಅಂದ್ಲು ದುರ್ಗವ್ವ, ಸೂಜಿ ಬಿಡಲಾರದ. "ಹೆಸರು ಮಾತ್ರ ಇಳೀಲಿಲ್ಲ ನೋಡ್ರಿ. ಲಗ್ನಕ್ಕ ಹೆಣ್ಣ ನೋಡಾಕ ಹೋದ್ರ ಅಲ್ಲೂ ಉಲ್ಟಾನ ಮನಿ ಯಾವುದು ಅಂತ ಕೇಳಿದ್ರು. ಈಗ ಈ ಕೂಸಿಗೆ ಹತ್ಯೈತಿ."

"ನಿಮ್ಮ ಮಗಂದು ತಪ್ಪಿಲ್ಲವ್ವಾ" ಅಂದೆ.

"ಅದು ನನಗ ಅವತ್ತ ಗೊತ್ತಿತ್ತು. ಮನಿಗೆ ಬಂದು ಹೇಳಿದ್ದ ನನ್ನ ಕೂಸು. ಸಿದ್ದಿ ಹುಡುಗನ ಮಾತು ಯಾರ ನಂಬತಾರ? ನೀವು ಹೇಳಬೇಕಿತ್ತು."

"ಶುಕ್ರವಾರ ಹೇಳತೇನಿ. ಎಲ್ಲಾರೂ ಬರ್ರಿ."

"ಆ ಮಾತಿಗೆ ಶುಕ್ರವಾರನ ಯಾಕ ಬೇಕು?"

"ಮೈಕಿನ್ಯಾಗ ಅಂದದ್ದವ್ವಾ. ಮೈಕಿನ್ಯಾಗನ ತಗೀಬೇಕು."

ಆಕಿ ದಾರಾ ಹಲ್ಲಿಲೆ ಕಡದು, ಕೌದಿ ಮೂಲಿಗೆ ಹೂವ ಮಡಚಲಿಕ್ಕತ್ತಿದ್ಲು. ಚಹಾ ಆರಿ ಹೋಗಿತ್ತು, ಕುಡದು ಬಂದೆ.

ಆಗಸ್ಟ್ ೧೫, ಶುಕ್ರವಾರ

ಆದದ್ದನ್ನ ಆದಂಗ ಬರೀತೇನಿ.

ಆರೂವರಿಗೆ ತೇಗಿನಕೊಪ್ಪದಾಗ ಇದ್ದೆ. ಜಿಟಿಜಿಟಿ ಮಳಿ ಬಂದು ನಿಂತಿತ್ತು. ಝಂಡಾ ಕಟ್ಟಿ ಮ್ಯಾಲ ಕುಂತು ಝಂಡಾ ಮಡಚಿದೆ. ರಾಮಾ, ದುರ್ಗವ್ವ, ಜ್ಯೋತಿ ಮೂವರೂ ಬಂದಿದ್ರು, ಆದ್ರ ಗೇಟಿನ ಹೊರಗ. ರಾಮಾ ಆ ಗೇಟ ದಾಟಿ ಇಪ್ಪತ್ತೆಂಟ ವರ್ಷಾಗಿತ್ತು. ಮಗಳ ಹೆಸರ ಶಾಲಿಗೆ ಹಚ್ಚಾಕೂ ಅಂವ ಬಂದಿರಲಿಲ್ಲ, ಹುಡುಗಿಯ ಅವ್ವನ ಬಂದಿದ್ಲಂತ.

"ರಾಮಾ, ಒಳಗ ಬಾ" ಅಂತ ಕರದೆ. ಮೂರ ಸಲ ಕರೀಬೇಕಾತು. ಚಪ್ಪಲ ಬಿಟ್ಟು ಬಂದ. "ಹುಲ್ಲು ಕೆಳಗ ಐತಿಲ್ಲ ನೋಡು" ಅಂದೆ.

ಬಗ್ಗಿ ನೋಡಿದ. ತುದಿ ಹಿಡದು ಮತ್ತೊಮ್ಮೆ ನೋಡಿದ. "ಐತ್ರಿ ಸರ. ಗಂಟ ಮಾತ್ರ ಬಿಗಿ ಆಗೇತಿ, ಬಿಚ್ಚೂದಿಲ್ಲ." ತಾನ ಸಡ್ಲ ಮಾಡಿ, ಎಳದ್ರ ಜಾರೂವಂಗ ಹಾಕಿ ಕೊಟ್ಟ. ಪೂರ್ಣಿಮಾ ಹಗ್ಗ ಎಳದಾಗ ಹೂವ ಉದರಿ ಝಂಡಾ ಸರಳ ಬಿಚ್ಚಿಕೊಂಡ್ತು, ಮ್ಯಾಲ ಬೆಂಕಿ, ಕೆಳಗ ಹುಲ್ಲು. ನನ್ನ ಕಣ್ಣ ತುಂಬಿ ಬಂದು ನಡುವಿನ ಹಾಲು ಚಕ್ರ ಯಾವುದೂ ಕಾಣಲಿಲ್ಲ.

ರಾಷ್ಟ್ರಗೀತಿ ಮುಗದ ಮ್ಯಾಲೆ ಮೈಕ್ ಕೊಟ್ರು. ಬರಕೊಂಡ ಹೋಗಿದ್ದ ಚೀಟಿ ಕಿಸೇದಾಗನ ಉಳೀತು. ಇಷ್ಟ ಹೇಳಿದೆ: "೧೯೯೭ರಾಗ ಇಲ್ಲಿ ಝಂಡಾ ಉಲ್ಟಾ ಕಟ್ಟಿದಾಂವ ನಾನು. ರಾಮಾ ಅಲ್ಲ. ಅಂವ ತಪ್ಪ ತೋರಿಸಿದ, ನಾ ಬಾಯಿ ಮುಚ್ಚಿಸಿದೆ. ನನ್ನ ತಪ್ಪ ಮುಚ್ಚಾಕ ಅವನ್ನ ಹೊಡದೆ. ನೀವೆಲ್ಲಾ ಕರಿಯೂ ಆ ಹೆಸರು ನಂದು. ಅಂವಂದಲ್ಲ."

ಶಾಲಾ ಸಮಿತಿ ಅಧ್ಯಕ್ಷ ಶಂಕ್ರಪ್ಪ ಮೈಕ್ ಇಸಗೊಂಡ. ರಾಮಾನ ವರ್ಗದವನ ಅಂವ. ದನಿ ತುಂಬಿ ಬಂದಿತ್ತು ಅಂವಂದು. "ನೋಡ್ರಿ, ಗುರು ಅಂದ್ರ ಹಿಂಗ ಇರಬೇಕು! ಶಿಷ್ಯ ಮಾಡಿದ ತಪ್ಪ ಈ ವಯಸ್ಸಿನ್ಯಾಗ ತಮ್ಮ ಮ್ಯಾಲ ಹಾಕ್ಕೊಂಡ್ರು. ಎಂಥಾ ದೊಡ್ಡ ಮನಸ್ಸು! ಏ ಉಲ್ಟಾ, ಬಾರೋ, ಸರ ಕಾಲಿಗೆ ಬೀಳ ಬಾ."

ಚಪ್ಪಾಳಿ. ಎಂಥಾ ಚಪ್ಪಾಳಿ ಅಂತೀರಿ, ನನ್ನ ಜೀವನದಾಗ ಅಷ್ಟ ಚಪ್ಪಾಳಿ ಬಿದ್ದಿರಲಿಲ್ಲ. "ಅಲ್ರಪಾ, ನಾ ಹೇಳಿದ್ದು ಖರೇ, ಖರೇನ ನಾ ಕಟ್ಟಿದ್ದು" ಅಂತ ಒದರಿದೆ. ಮೈಕ್ ಶಂಕ್ರಪ್ಪನ ಕೈಯಾಗಿತ್ತು. ಒಬ್ಬ ಹೆಣ್ಮಗಳು ಬಂದು ನನ್ನ ಕಾಲಿಗೆ ಬಿದ್ದು ಹೋದ್ಲು. ಕೊರಳಿಗೆ ಮಾಲಿ ಬಿತ್ತು. ಅದನ್ನ ತಗದು ಎಲ್ಲಿ ಇಡಲಿ ಅಂತ ತಿಳೀಲಿಲ್ಲ.

ತಡಾ ಮಾಡಿದೆ. ಖರೇ ಮಾತಿಗೆ ವಯಸ್ಸಾಗಿ ಹೋತು, ಯಾರೂ ಗುರತ ಹಿಡೀಲಿಲ್ಲ.

ರಾಮಾ ಬರಲಿಲ್ಲ. ಹಳಿಯಾಳದ ಪ್ಯಾಟ್ಯಾಗ ನಾ ಕರೀಲಾರದ ಕಾಲಿಗೆ ಬಿದ್ದಾಂವ, ಇವತ್ತ ಇಡೀ ಊರ ಕರದ್ರೂ ಬೀಳಲಿಲ್ಲ. ಕಂಬಕ್ಕ ಬೆನ್ನ ಹಚ್ಚಿ ನಿಂತು ನನ್ನ ನೋಡಿದ. ಬೀಳಬಾರದಿತ್ತು, ಬೀಳಲಿಲ್ಲ. ಇವತ್ತಿನ ದಿನದಾಗ ಚಲೋ ಆದದ್ದು ಅದೊಂದ.

ಮಂದಿ ಸೀರಾ ಉಪ್ಪಿಟ್ಟಿನ ಕಡೆ ಹೋದ ಮ್ಯಾಲೆ ಜ್ಯೋತಿ ಬಂದ್ಲು. ಕೈಯಾಗ ಆ ವಹಿ. ಕಡೀ ಸಾಲು ತಗದು, ಪೆನ್ನ ನನ್ನ ಮುಂದ ಹಿಡದ್ಲು. "ನೀವ ಬರೀರಿ ಸರ."

ಝಂಡಾ ಕಟ್ಟಿ ಮ್ಯಾಲ ಕುಂತು ಬರದೆ. ಇಟ್ಟವರು: ನಾಗಲಿಂಗಪ್ಪ ಮಾಸ್ತರ. ಕಾರಣ: ತಮ್ಮ ತಪ್ಪು ಮುಚ್ಚಲಿಕ್ಕೆ. ಆಕಿ ಬೆರಳಿಟ್ಟು ಒಂದೊಂದ ಅಕ್ಷರ ಓದಿದ್ಲು.

"ಸೋಮವಾರ ಶಾಲಿಗೆ ಬರತೀಯಲ್ಲವಾ?" ಅಂದೆ.

"ಪಪ್ಪಾನ್ನ ಕೇಳತೇನ್ರಿ" ಅಂದ್ಲು. ಆಮ್ಯಾಲೆ, "ಸಹಿ ಮಾಡ್ರಿ ಸರ. ತಾರೀಖೂ ಹಾಕ್ರಿ."

ಸಹಿ ಮಾಡಿ ಕೆಳಗ ೧೫-೮-೨೦೨೫ ಅಂತ ಹಾಕಿದೆ. ಹುಡುಗಿ ನೋಡಿ ತಲಿ ಅಲ್ಲಾಡಿಸಿದ್ಲು. ನನ್ನ ಪಾಠದಾಗ ನಾ ಆಕಿಗೆ ತಿದ್ದತಿದ್ನಲ್ಲ, ಹಂಗ ತಿದ್ದಿದ್ಲು.

"ಇವತ್ತಿಂದಲ್ರಿ ಸರ. ಹೆಸರ ಇಟ್ಟ ತಾರೀಖ ಹಾಕಬೇಕು."

ಕಾಟ ಹೊಡದು ೧೫-೮-೧೯೯೭ ಅಂತ ಬರದು ಕೊಟ್ಟೆ. ವಹಿ ಇಸಗೊಂಡು ಓಡಿದ್ಲು. ಗೇಟಿನ ಹಂತೇಲಿ ರಾಮಾ ಅದನ್ನ ಎರಡೂ ಕೈಲೆ ಹಿಡದು ಭಾಳ ಹೊತ್ತು ಓದಿದ. ಏಳನೇ ಇಯತ್ತೆಕ್ಕ ಶಾಲಿ ಬಿಟ್ಟಾಂವ, ಓದೂದು ಅಂವಗ ಸಾವಕಾಶ.